ಬಾಡಿಗೆದಾರರ ದುಡ್ಡು, ಮಾಲೀಕರ ಬಣ್ಣ

ಬೆಂಗಳೂರಿನ ಬಾಡಿಗೆ ಕರಾರುಪತ್ರವನ್ನು ಮೊದಲು ಬರೆದವರು ಯಾರೋ ಗೊತ್ತಿಲ್ಲ. ಯಲಹಂಕದ ಝೆರಾಕ್ಸ್ ಅಂಗಡಿಯಲ್ಲಿ ಸಿಗುವುದೂ ಆರ್.ಟಿ. ನಗರದಲ್ಲಿ ಸಿಗುವುದೂ ಹೆಚ್ಚುಕಡಿಮೆ ಒಂದೇ. ಹೆಸರು, ವಿಳಾಸ, ಬಾಡಿಗೆ, ಮುಂಗಡ ಇಷ್ಟನ್ನು ತುಂಬಿದರೆ 11 ತಿಂಗಳ ಬದುಕು ಸಿದ್ಧ. ಅದರ ಕೊನೆಯ ಹಾಳೆಯಲ್ಲಿ ತಪ್ಪದೆ ಒಂದು ಷರತ್ತು ಇರುತ್ತದೆ: ಮನೆ ಖಾಲಿ ಮಾಡುವಾಗ ಪೇಂಟಿಂಗ್ ಖರ್ಚಿಗೆಂದು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳಲಾಗುವುದು. ಸಹಿ ಹಾಕುವ ಅವಸರದಲ್ಲಿ ಇದನ್ನು ಓದುವವರು ಕಡಿಮೆ. ಓದಿದವರೂ ಊರ ಪದ್ಧತಿ ಎಂದುಕೊಂಡು ಸುಮ್ಮನಾಗುತ್ತಾರೆ.

ನನ್ನ ತಕರಾರು ಈ ಷರತ್ತಿನ ಮೇಲೆ. ತಕರಾರು ದುಡ್ಡಿನದು ಮಾತ್ರವಲ್ಲ. ಮನೆಯೊಳಗೆ ಬಳಿಯಲು ಒಳ್ಳೆಯ ಬಣ್ಣ ಆರಿಸುವುದು ಹೇಗೆ ಎಂದು ಹೇಳಿಕೊಡುವವರು ಎಲ್ಲೆಡೆ ಇದ್ದಾರೆ. ದಕ್ಷಿಣಕ್ಕೆ ಮುಖ ಮಾಡಿದ ಕೋಣೆಗೆ ಯಾವುದು, ಮಕ್ಕಳ ಕೋಣೆಗೆ ಯಾವುದು, ಚಿಕ್ಕ ಹಜಾರ ದೊಡ್ಡದಾಗಿ ಕಾಣಲು ಯಾವುದು ಎಂದೆಲ್ಲ ಅವರು ವಿವರಿಸುತ್ತಾರೆ. ಆ ಉಪದೇಶಗಳೆಲ್ಲ ಒಂದು ಸಂಗತಿಯನ್ನು ಒಪ್ಪಿಕೊಂಡೇ ಹೊರಡುತ್ತವೆ: ಮನೆಯಲ್ಲಿ ಇರುವವರೇ ಬಣ್ಣ ಆರಿಸುತ್ತಾರೆ ಎಂಬುದನ್ನು. ಉತ್ತರ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಹಾಗೆ ನಡೆಯುವುದಿಲ್ಲ. ಇಲ್ಲಿ ಬಣ್ಣಕ್ಕೆ ದುಡ್ಡು ಕೊಡುವವರು ಮನೆ ಬಿಟ್ಟು ಹೋಗುತ್ತಿರುವವರು. ಆರಿಸುವವರು ಆ ಮನೆಯಲ್ಲಿ ಮಲಗದ ಮಾಲೀಕರು. ಬಳಿಯುವವರು ದಿನಗೂಲಿಯ ಪೇಂಟರುಗಳು. ಆ ಗೋಡೆಗಳ ನಡುವೆ ಉಸಿರಾಡುವವರು ಇನ್ನೂ ಬಂದಿರದ ಬಾಡಿಗೆದಾರರು. ಈ ನಾಲ್ವರಲ್ಲಿ ಬಣ್ಣ ಒಳ್ಳೆಯದಾಗಿರಬೇಕೆಂಬ ಅಗತ್ಯ ನಿಜಕ್ಕೂ ಇರುವುದು ಕೊನೆಯ ಇಬ್ಬರಿಗೆ. ಅವರನ್ನು ಯಾರೂ ಕೇಳುವುದಿಲ್ಲ. ಕೆಟ್ಟ ಬಣ್ಣಕ್ಕೆ ಅಜ್ಞಾನವಾಗಲಿ ಬಡತನವಾಗಲಿ ಅಷ್ಟು ಕಾರಣವಲ್ಲ, ಈ ಏರ್ಪಾಡು ಕಾರಣ ಎಂಬುದು ನನ್ನ ವಾದ.

ಸಾಹಿತ್ಯದ ಪತ್ರಿಕೆಯಲ್ಲಿ ಪೇಂಟ್ ಡಬ್ಬದ ಮಾತೇಕೆ ಎಂದು ಹುಬ್ಬೇರಿಸುವವರಿಗೆ ಎರಡು ಉತ್ತರಗಳಿವೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಮಂದಿ ವಿದ್ಯಾರ್ಥಿಗಳು. ಪಿ.ಜಿ.ಯಲ್ಲೋ, ಮೂವರು ಸೇರಿ ಹಿಡಿದ ಒಂದು ಬೆಡ್‌ರೂಮಿನ ಮನೆಯಲ್ಲೋ ಇದ್ದೀರಿ. ತಲೆದಿಂಬಿನ ಪಕ್ಕದ ಗೋಡೆಯಲ್ಲಿ ಚಕ್ಕೆ ಎದ್ದಿರುವುದನ್ನು ನೋಡುತ್ತಲೇ ಈ ಪುಟ ತೆರೆದಿದ್ದರೂ ಆಶ್ಚರ್ಯವಿಲ್ಲ. ಎರಡನೆಯದು ನಮ್ಮ ನುಡಿಗೆ ಸೇರಿದ್ದು. 'ಬಣ್ಣಿಸು' ಎಂಬ ಕ್ರಿಯಾಪದ 'ಬಣ್ಣ'ದ ಬಳಗದ್ದು, 'ವರ್ಣನೆ' 'ವರ್ಣ'ದ ಬಳಗದ್ದಾದ ಹಾಗೆ. ಆದರೆ ಅದೇ ಕನ್ನಡ 'ಬಣ್ಣದ ಮಾತು' ಎಂದರೆ ನಂಬಬೇಡ ಎನ್ನುತ್ತದೆ. 'ಬಣ್ಣ ಬಯಲಾಯಿತು' ಎಂದರೆ ನಿಜ ತಿಳಿಯಿತು ಎಂದು ಅರ್ಥ. ಬಣ್ಣ ತೋರಿಸುವುದಕ್ಕೂ ಆಗುತ್ತದೆ, ಮುಚ್ಚುವುದಕ್ಕೂ ಆಗುತ್ತದೆ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ವರ್ಣನೆಯನ್ನು ಅನುಮಾನದಿಂದ ಓದಲು ಕಲಿತವರು ಪೇಂಟ್ ಕಂಪನಿಗಳ ಶೇಡ್ ಕಾರ್ಡನ್ನೂ ಹಾಗೆಯೇ ಓದಬೇಕು. ಅದರಲ್ಲಿ ಮಂಜಿದೆ, ಮಲ್ಲಿಗೆಯಿದೆ, ಮುಂಜಾವಿದೆ, ದೂರದ ಕಡಲತೀರಗಳಿವೆ. ಡಬ್ಬದೊಳಗೆ ಏನಿದೆ ಎಂಬುದು ಮಾತ್ರ ಅದರಲ್ಲಿಲ್ಲ.

ಡಬ್ಬದೊಳಗೆ ಇರುವುದು ಮುಖ್ಯವಾಗಿ ನಾಲ್ಕು ಬಗೆಯ ಪದಾರ್ಥ. ಬಣ್ಣ ಕೊಡುವ ಮತ್ತು ಹಿಂದಿನದನ್ನು ಮರೆಮಾಡುವ ಪುಡಿ ಒಂದು. ಬಿಳಿಗೆ ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್. ಆ ಪುಡಿಯನ್ನು ಗೋಡೆಗೆ ಹಿಡಿದಿಡುವ ಅಂಟು ಎರಡನೆಯದು. ಎಮಲ್ಷನ್‌ಗಳಲ್ಲಿ ಇದು ಅಕ್ರಿಲಿಕ್‌ನಂಥ ರಾಳ. ಇವೆರಡನ್ನೂ ತೆಳುವಾಗಿಸಿ ಆಮೇಲೆ ಆರಿಹೋಗುವ ದ್ರವ ಮೂರನೆಯದು, ನೀರು ಅಥವಾ ಟರ್ಪೆಂಟೈನ್ ಜಾತಿಯ ದ್ರಾವಕ. ನಾಲ್ಕನೆಯದು ಅಗ್ಗದ ತುಂಬುಪುಡಿ, ಸೀಮೆಸುಣ್ಣದಂಥದ್ದು. ಬಣ್ಣದ ಗುಣಮಟ್ಟ ಬಹುಮಟ್ಟಿಗೆ ನಿಂತಿರುವುದು ಈ ನಾಲ್ಕರ ಪ್ರಮಾಣದ ಮೇಲೆ. ಅಂಟು ಕಡಿಮೆಯಾಗಿ ತುಂಬುಪುಡಿ ಹೆಚ್ಚಾದರೆ ಬೆಲೆ ಇಳಿಯುತ್ತದೆ, ಆಯಸ್ಸೂ ಇಳಿಯುತ್ತದೆ. ಗೋಡೆಗೆ ಒರಗಿದರೆ ಅಂಗಿಗೆ ಬಿಳಿ ಹತ್ತುವುದು ಇದರಿಂದ. ಕಲೆ ಒರೆಸಲು ಹೋದರೆ ಕಲೆಯ ಜೊತೆ ಬಣ್ಣವೇ ಬಟ್ಟೆಗೆ ಬರುವುದೂ ಇದರಿಂದ. ತೊಳೆಯಬಹುದಾದ ಡಿಸ್ಟೆಂಪರ್‌ಗೆ ಐ.ಎಸ್. 428, ಎಮಲ್ಷನ್‌ಗೆ ಐ.ಎಸ್. 15489 ಎಂಬ ಭಾರತೀಯ ಮಾನಕಗಳಿವೆ. ಶೇಡ್ ಕಾರ್ಡಿನ ಮೇಲೆ ಮಲ್ಲಿಗೆಯ ಹೆಸರು ಓದುವ ಬದಲು ಡಬ್ಬದ ಹಿಂಬದಿಯಲ್ಲಿ ಈ ಸಂಖ್ಯೆಗಳಿವೆಯೇ ಎಂದು ನೋಡಿದರೆ ಆಯ್ಕೆಯ ಅರ್ಧ ಕೆಲಸ ಮುಗಿಯುತ್ತದೆ.

ಉಳಿದರ್ಧ ಗೋಡೆಯದು. ಬಣ್ಣ ಎಷ್ಟೇ ದುಬಾರಿಯಾದರೂ ಒದ್ದೆ ಗೋಡೆಯ ಮೇಲೆ ನಿಲ್ಲುವುದಿಲ್ಲ. ಇದನ್ನು ಯಲಹಂಕದವರಿಗಿಂತ ಚೆನ್ನಾಗಿ ಬಲ್ಲವರು ಯಾರು? 2021ರ ನವೆಂಬರಿನಲ್ಲಿ, ಮತ್ತೆ 2024ರ ಅಕ್ಟೋಬರಿನಲ್ಲಿ ಅಲ್ಲಿನ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ನಿವಾಸಿಗಳನ್ನು ದೋಣಿಯಲ್ಲಿ ಕರೆತಂದದ್ದನ್ನು ರಾಜ್ಯವೇ ನೋಡಿತು. ಕೆರೆಯಿಂದ ಕೆರೆಗೆ ನೀರು ಹರಿಯುವ ದಾರಿಯಲ್ಲಿ ಮನೆ ಕಟ್ಟಿದರೆ ನೀರು ತನ್ನ ದಾರಿ ಕೇಳುತ್ತದೆ. ಆದರೆ ಗೋಡೆ ಒದ್ದೆಯಾಗಲು ಪ್ರವಾಹವೇ ಬೇಕಿಲ್ಲ. 20 ಅಡಿಗೆ 30 ಅಡಿಯ ಸೈಟಿನಲ್ಲಿ ಪಕ್ಕದ ಗೋಡೆಗೆ ತಾಗಿಸಿ ಎಬ್ಬಿಸಿದ ನಾಲ್ಕು ಮಹಡಿ, ಮೆಟ್ಟಿಲ ಕೆಳಗೆ ಸಂಪು, ಮಲಗುವ ಕೋಣೆಯ ಬೆನ್ನಿಗೇ ಬಚ್ಚಲು, ಮೇಲೆ ದಿನಕ್ಕೊಮ್ಮೆ ತುಂಬಿ ಚೆಲ್ಲುವ ಟ್ಯಾಂಕು: ಹೆಬ್ಬಾಳದಿಂದ ಯಶವಂತಪುರದವರೆಗೆ ಸಾವಿರಾರು ಬಾಡಿಗೆ ಮನೆಗಳ ನಕ್ಷೆ ಇದು. ಗೋಡೆಯೊಳಗೆ ಸೇರಿದ ನೀರು ಇಟ್ಟಿಗೆ, ಸಿಮೆಂಟುಗಳ ಉಪ್ಪನ್ನು ಕರಗಿಸಿಕೊಂಡು ಹೊರಮೈಗೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಹರಳಾಗಿ ಉಳಿಯುತ್ತದೆ. ಆ ಹರಳು ಬೆಳೆಯುತ್ತ ಬಣ್ಣದ ಪದರವನ್ನು ಒಳಗಿನಿಂದ ತಳ್ಳುತ್ತದೆ. ಗುಳ್ಳೆ ಬರುವುದು, ಚಕ್ಕೆ ಏಳುವುದು ಹೀಗೆ. ಗಾಳಿಯಾಡದ ಮೂಲೆಯಾದರೆ ಮೇಲೆ ಕಪ್ಪು ಬೂಸ್ಟು ಬೇರೆ.

ಇದಕ್ಕೆ ಮದ್ದು ಬಣ್ಣವಲ್ಲ, ಕೊಳಾಯಿ ಕೆಲಸ. ಸೋರುವ ಪೈಪು ಬದಲಿಸಬೇಕು, ತಾರಸಿಯ ಬಿರುಕು ಮುಚ್ಚಬೇಕು, ಗೋಡೆ ಒಣಗಲು ವಾರಗಟ್ಟಲೆ ಬಿಡಬೇಕು. ಪರೀಕ್ಷೆ ಕಷ್ಟದ್ದೇನಲ್ಲ. ಒಂದು ಮೊಳದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಒದ್ದೆ ಎಂದು ತಿಳಿಯಿರಿ. ಖರ್ಚು ಹತ್ತು ರೂಪಾಯಿಯೂ ಆಗದ ಈ ಪರೀಕ್ಷೆಯನ್ನು ಯಾವ ಬಾಡಿಗೆ ಮನೆಯಲ್ಲೂ ಮಾಡುವುದಿಲ್ಲ. ಅದರ ಉತ್ತರ ಯಾರಿಗೂ ಬೇಕಿಲ್ಲವಲ್ಲ. ಮನೆ ಖಾಲಿ ಇದ್ದಷ್ಟು ದಿನ ಬಾಡಿಗೆ ನಷ್ಟ. ಹಿಂದಿನವರು ಭಾನುವಾರ ಹೋದರೆ ಮುಂದಿನವರು ಶನಿವಾರಕ್ಕೆ ಬರಬೇಕು.

ಆರ್.ಟಿ. ನಗರದ ನನ್ನ ಹಿಂದಿನ ಮನೆಯ ಕಥೆಯೂ ಇದೇ. ಅಲ್ಲಿ 22 ತಿಂಗಳು ಇದ್ದೆ. ಹೋಗುವ ದಿನ ಮಾಲೀಕರು ಸಜ್ಜನಿಕೆಯಿಂದಲೇ ಕಾಫಿ ಕೊಟ್ಟು, 13,000 ರೂಪಾಯಿ ಮುರಿದುಕೊಂಡರು. "ಅಂಕಲ್, ಬಚ್ಚಲ ಗೋಡೆ ನಾನು ಬರುವಾಗಲೇ ಹಾಗಿತ್ತಲ್ಲ" ಎಂದೆ. "ಅದೆಲ್ಲ ಈಗ ಹೊಸದಾಗಿ ಮಾಡಿಸ್ತಿದ್ದೀನಪ್ಪಾ, ನೋಡು ಬೇಕಾದ್ರೆ" ಎಂದರು. ಹೋಗಿ ನೋಡಿದೆ. ಗದಗದ ಕಡೆಯ ಪೇಂಟರ್ ಒಬ್ಬರು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಹಳೆಯ ಪುಟ್ಟಿಯನ್ನು ಉಜ್ಜು ಕಾಗದದಿಂದ ಉಜ್ಜುತ್ತಿದ್ದರು. ಕೋಣೆಯೆಲ್ಲ ಬಿಳಿ ಹೊಗೆ ಕವಿದಂತಿತ್ತು. "ಅಣ್ಣಾ, ಇದರ ಮೇಲೆ ಬಣ್ಣ ನಿಲ್ಲುತ್ತಾ?" ಎಂದು ಕೇಳಿದೆ. "ಎಲ್ಲಿ ನಿಲ್ತೈತ್ರೀ, ಗ್ವಾಡಿ ಇನ್ನಾ ಹಸಿ ಐತಿ. ಓನರ್‌ಗೆ ಹೇಳೀನಿ. ನಾಡದಕ್ಕ ಮುಗಸು ಅಂದಾರ" ಎಂದರು. ನನ್ನ ನಂತರ ಆ ಮನೆ ಹಿಡಿದದ್ದು ನನಗೆ ಪರಿಚಯದ ಕಿರಿಯ ವಿದ್ಯಾರ್ಥಿಯೇ. ಮೊದಲ ಮಳೆ ಬಿದ್ದ ವಾರವೇ ಅದೇ ಗೋಡೆಯಲ್ಲಿ ಅದೇ ಜಾಗದಲ್ಲಿ ಅದೇ ಕಲೆ ಕಾಣಿಸಿಕೊಂಡಿತಂತೆ. ಅವನು ಬಿಟ್ಟು ಹೋಗುವಾಗ ಅವನ ದುಡ್ಡಿನಲ್ಲಿ ಮತ್ತೆ ಬಣ್ಣ.

ಈ ಬಣ್ಣಕ್ಕೆ ಗೋಡೆಯನ್ನು ಕಾಪಾಡುವ ಕೆಲಸವಿಲ್ಲ. ಟು-ಲೆಟ್ ಬೋರ್ಡು ತೂಗಿಹಾಕಿದ ಆ ಹತ್ತು ದಿನ ಗೋಡೆಯ ನಿಜವನ್ನು ಮುಚ್ಚಿದರೆ ಸಾಕು. ಹೋಗುವ ಬಾಡಿಗೆದಾರನ ದುಡ್ಡಿನಲ್ಲಿ ಬರುವ ಬಾಡಿಗೆದಾರನಿಗೆ ಹೇಳುವ ಸುಳ್ಳು ಅದು. ಇಂಥ ಕೆಲಸಕ್ಕೆ ಒಳ್ಳೆಯ ಬಣ್ಣ ಯಾಕೆ ಬೇಕು? ಅಗ್ಗದ್ದೇ ಸಾಕು, ಹತ್ತು ದಿನ ಮಿಂಚಿದರೆ ಸಾಕು. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಯನ್ನು ನಾವು ಮನುಷ್ಯರಿಗೆ ಹೇಳುತ್ತೇವೆ, ಮನೆಗಳಿಗೂ ಹೇಳಬಹುದು.

ಲೆಕ್ಕವನ್ನೂ ನೋಡೋಣ. ಒಂದು ತಿಂಗಳ ಬಾಡಿಗೆಯೇ ಯಾಕೆ? ಬಾಡಿಗೆ ಏರಿದರೆ ಗೋಡೆ ಅಗಲವಾಗುತ್ತದೆಯೇ? ಎಂಟು ಸಾವಿರ ಬಾಡಿಗೆ ಇದ್ದಾಗಲೂ ಅದೇ ನಾಲ್ಕು ಗೋಡೆ, ಹದಿನಾರು ಸಾವಿರವಾದಾಗಲೂ ಅದೇ ನಾಲ್ಕು ಗೋಡೆ. 11 ತಿಂಗಳು ಇದ್ದವರಿಗೂ ಐದು ವರ್ಷ ಇದ್ದವರಿಗೂ ಒಂದೇ ಮೊತ್ತ. ಮೂರು ವರ್ಷದಲ್ಲಿ ಮೂವರು ಬಂದು ಹೋದರೆ ಮೂರು ತಿಂಗಳ ಬಾಡಿಗೆ ಸೇರುತ್ತದೆ. ಅಷ್ಟರಲ್ಲಿ ನಿಜವಾಗಿ ಎಷ್ಟು ಸಲ ಬಣ್ಣ ಹೊಡೆಸಿದರು ಎಂದು ಯಾರೂ ಕೇಳುವಂತಿಲ್ಲ. ಬಿಲ್ಲು ತೋರಿಸಿ ಎಂದರೆ ಅದು ಅವಮಾನ. ಖರ್ಚಿಗೆಂದು ತೆಗೆದುಕೊಂಡ ಹಣಕ್ಕೆ ಖರ್ಚಿನ ಲೆಕ್ಕವಿಲ್ಲದಿದ್ದರೆ ಅದನ್ನು ದಂಡ ಎನ್ನಬೇಕು. ಮನೆಯಲ್ಲಿ ವಾಸ ಮಾಡಿದ್ದಕ್ಕೆ ದಂಡ.

ಕಾನೂನು ಏನೆನ್ನುತ್ತದೆ? 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಅದರ ಅನುಬಂಧದಲ್ಲಿ ಮಾಲೀಕರ ಹೊಣೆ ಯಾವುದು, ಬಾಡಿಗೆದಾರರ ಹೊಣೆ ಯಾವುದು ಎಂಬ ಪಟ್ಟಿಯಿದೆ. ಗೋಡೆಗೆ ಸುಣ್ಣ ಬಳಿಸುವುದು, ಬಾಗಿಲು ಕಿಟಕಿಗಳಿಗೆ ಬಣ್ಣ ಹೊಡೆಸುವುದು ಎರಡೂ ಇರುವುದು ಮಾಲೀಕರ ಪಟ್ಟಿಯಲ್ಲಿ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನದಾಗಿ ಮಾಡಿಕೊಂಡರಷ್ಟೇ ಬಲ. ನಮ್ಮದೇ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ಆ ಬಾಡಿಗೆಗೆ ಯಲಹಂಕದಲ್ಲಿ ಬೈಕ್ ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. ಹೀಗಾಗಿ ಉಳಿದಿರುವುದು ಝೆರಾಕ್ಸ್ ಅಂಗಡಿಯ ಕರಾರುಪತ್ರವೊಂದೇ.

ಇಷ್ಟೇ ಆಗಿದ್ದರೆ ಇದು ದುಡ್ಡಿನ ಜಗಳ, ಸಹಿಸಬಹುದಿತ್ತು. ಬಣ್ಣ ಮೈಯೊಳಗೂ ಹೋಗುತ್ತದೆ. ಆ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾತ್ರವಿದೆ. ಬೆಂಗಳೂರಿನ ಜಾರ್ಜ್ ಫೌಂಡೇಷನ್ ದೇಶದ ಹಲವು ನಗರಗಳಲ್ಲಿ ಜನರ ರಕ್ತ ಪರೀಕ್ಷೆ ಮಾಡಿಸಿ, 1999ರ ಫೆಬ್ರವರಿಯಲ್ಲಿ ಇದೇ ಊರಿನಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸವಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರ ನೇತೃತ್ವದಲ್ಲಿ ಸೀಸದ ವಿಷಕ್ಕಾಗಿಯೇ ರಾಷ್ಟ್ರೀಯ ಕೇಂದ್ರವೊಂದು ಹುಟ್ಟಿತು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಬಣ್ಣದಿಂದ ಹೋಗಲು ಇನ್ನೂ 17 ವರ್ಷ ಬೇಕಾಯಿತು. ಮನೆ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದು, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮಾತ್ರ, ಎಂಬ ನಿಯಮ ಪ್ರಕಟವಾದದ್ದು 2016ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನ. ಜಾರಿಗೆ ಬಂದದ್ದು ಮರುವರ್ಷ. ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಳಾಂಗಣ ಪೇಂಟಿಂಗ್‌ನಲ್ಲಿ ಬಿಳಿ ಸೀಸದ ಬಳಕೆಯನ್ನು ನಿಷೇಧಿಸುವ ಒಪ್ಪಂದ ಮಾಡಿದ್ದು 1921ರಲ್ಲಿ. ಅಮೆರಿಕ ಮನೆಗಳಲ್ಲಿ ಸೀಸದ ಬಣ್ಣ ನಿಲ್ಲಿಸಿದ್ದು 1978ರಲ್ಲಿ. ನಾವು ಎಷ್ಟು ತಡ ಎಂದು ನೀವೇ ಲೆಕ್ಕ ಹಾಕಿ.

ಸೀಸಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಹಿಂದಿರುಗುವಂಥದ್ದಲ್ಲ. ಅದು ಮನೆಯಲ್ಲಿ ಎಲ್ಲಿರುತ್ತದೆ ಎಂಬುದೂ ಮುಖ್ಯ. ನೀರಿನ ಎಮಲ್ಷನ್ ಬಳಿದ ಗೋಡೆಯಲ್ಲಿ ಅದರ ಭಯ ಕಡಿಮೆ. ಹೆಚ್ಚಿರುವುದು ಎಣ್ಣೆಬಣ್ಣದಲ್ಲಿ, ಅಂದರೆ ಎನಾಮಲ್‌ನಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ. ಹಳದಿಗೆ ಲೆಡ್ ಕ್ರೋಮೇಟ್, ಬೇಗ ಒಣಗಲು ಸೀಸದ ಲವಣಗಳು ಬಳಕೆಯಾಗುತ್ತಿದ್ದವು. ಕಿಟಕಿಯ ಸರಳು, ಬಾಗಿಲ ಚೌಕಟ್ಟು, ಬಾಲ್ಕನಿಯ ಗ್ರಿಲ್ಲು, ಕಬ್ಬಿಣದ ಮಂಚ: ಎನಾಮಲ್ ಬಳಿಯುವುದು ಇವಕ್ಕೆ. ಅಂಬೆಗಾಲಿಡುವ ಮಗು ಹಿಡಿದು ನಿಲ್ಲುವುದೂ, ನಿಂತು ಬಾಯಿ ಹಾಕುವುದೂ ಇವಕ್ಕೇ. ಗೋಡೆಗೆ ಹೆಸರಾಂತ ಕಂಪನಿಯ ಬಣ್ಣ ತಂದು, "ಗ್ರಿಲ್ಲಿಗೆ ಯಾವುದಾದರೇನು" ಎಂದು ಹೆಸರಿಲ್ಲದ ಡಬ್ಬ ಕೊಳ್ಳುವವರು ಇದನ್ನು ತಲೆಕೆಳಗಾಗಿ ಮಾಡುತ್ತಿದ್ದಾರೆ. ನಿಯಮ ಬಂದ ಮೇಲೂ ಸಣ್ಣ ತಯಾರಕರ ಎಣ್ಣೆಬಣ್ಣಗಳಲ್ಲಿ ಮಿತಿ ಮೀರಿದ ಸೀಸ ಸಿಕ್ಕಿದ್ದನ್ನು ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಪರೀಕ್ಷೆಗಳಿಂದ ತೋರಿಸಿದೆ. ಸೀಸ 90 ಪಿ.ಪಿ.ಎಂ. ಮೀರಿಲ್ಲ ಎಂದು ಡಬ್ಬದ ಮೇಲೆ ಬರೆದಿರಬೇಕು ಎಂಬುದು ನಿಯಮ. ಬರೆದಿಲ್ಲವೆಂದರೆ ಕೊಳ್ಳಬೇಡಿ.

ಹಳೆಯ ಮನೆಗಳ ಅಪಾಯ ಬೇರೆ ಬಗೆಯದು. 2017ಕ್ಕಿಂತ ಮೊದಲು ಹೊಡೆದ ಎಣ್ಣೆಬಣ್ಣ ಯಶವಂತಪುರ, ಆರ್.ಟಿ. ನಗರದ ಹಳೆಯ ಕಿಟಕಿಗಳ ಮೇಲೆ ಪದರ ಪದರವಾಗಿ ಕೂತಿದೆ. ಸುಮ್ಮನಿದ್ದಷ್ಟು ದಿನ ಅದರಿಂದ ತೊಂದರೆ ಕಡಿಮೆ. ಉಜ್ಜಿದಾಗ ಅದು ಧೂಳಾಗುತ್ತದೆ. ಪ್ರತಿ ಬಾಡಿಗೆದಾರ ಹೋದಾಗಲೂ ಉಜ್ಜುತ್ತೇವೆ, ಒಣಗಿಸಿಯೇ ಉಜ್ಜುತ್ತೇವೆ. ಆ ಧೂಳನ್ನು ಪೊರಕೆಯಿಂದ ಗುಡಿಸುತ್ತೇವೆ. ನೀರು ಚಿಮುಕಿಸಿ ಉಜ್ಜಿದರೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಅರ್ಧ ಧೂಳು ಗಾಳಿಗೆ ಏಳುವುದಿಲ್ಲ. ಅದಕ್ಕೆ ಒಂದು ದಿನ ಹೆಚ್ಚು ಬೇಕು. ಆ ಒಂದು ದಿನ ಯಾರ ಲೆಕ್ಕದಲ್ಲೂ ಇಲ್ಲ.

ಪೇಂಟರುಗಳ ಮಾತು ಇಲ್ಲಿ ಬರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪೇಂಟರ್ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಯಾವುದೋ ಒಂದು ರಾಸಾಯನಿಕವನ್ನಲ್ಲ, ಇಡೀ ಕಸುಬನ್ನು. ನಮ್ಮ 2016ರ ನಿಯಮ ಸೀಸದ ಬಗ್ಗೆ ಮಾತ್ರ ಮಾತಾಡುತ್ತದೆ. ಬಣ್ಣ ಒಣಗುವಾಗ ಹೊರಬರುವ ದ್ರಾವಕದ ಆವಿಯ ಬಗ್ಗೆ ಅದರಲ್ಲಿ ಒಂದು ಮಾತಿಲ್ಲ. ಯುರೋಪಿನಲ್ಲಿ ಒಳಗೋಡೆಯ ನೀರುಬಣ್ಣಕ್ಕೆ 2010ರಿಂದ ಲೀಟರಿಗೆ 30 ಗ್ರಾಂ ಆವಿಯ ಮಿತಿಯಿದೆ. ಹೊಸ ಬಣ್ಣದ ವಾಸನೆ ನಮಗೆ ಎರಡು ದಿನದ ತಲೆನೋವು. ಬೆಳಗ್ಗೆ ಮತ್ತಿಕೆರೆಯ ಮೂಲೆಯಲ್ಲಿ ಬ್ರಷ್ಷು, ರೋಲರು ಹಿಡಿದು ಕೆಲಸಕ್ಕೆ ಕಾಯುವವರಿಗೆ ಅದು ದಿನದ ಗಾಳಿ. ಅವರಿಗೆ ಮಾಸ್ಕು ಕೊಟ್ಟ ಮಾಲೀಕರನ್ನು ನಾನಿನ್ನೂ ಕಂಡಿಲ್ಲ. ಗೋಡೆ ಹಸಿ ಇದೆ ಎಂದು ಅವರು ಹೇಳಿದರೆ ಕೇಳುವವರನ್ನೂ ಕಂಡಿಲ್ಲ. ಬಣ್ಣದ ಬಗ್ಗೆ ನಿಜವಾಗಿ ಬಲ್ಲವರು ಆ ಕೋಣೆಯಲ್ಲಿ ಅವರೊಬ್ಬರೇ.

ಮಾಲೀಕರ ಪರವಾಗಿಯೂ ಹೇಳಬೇಕಾದದ್ದಿದೆ. ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯುತ್ತಾರೆ, ಒಗ್ಗರಣೆಯ ಎಣ್ಣೆ ಹಾರಿಸುತ್ತಾರೆ, ಮಕ್ಕಳು ಗೀಚುತ್ತವೆ. ನಿಜ. ಎಷ್ಟೋ ಮಾಲೀಕರು ಕಾರ್ಖಾನೆ ಕೆಲಸದಿಂದ ನಿವೃತ್ತರಾಗಿ, ಸಾಲ ಮಾಡಿ ಮೇಲೊಂದು ಮಹಡಿ ಕಟ್ಟಿ, ಆ ಬಾಡಿಗೆಯನ್ನೇ ಪಿಂಚಣಿ ಮಾಡಿಕೊಂಡವರು. ಅದೂ ನಿಜ. ಅವರನ್ನು ಲೂಟಿಕೋರರೆಂದು ಕರೆಯಲು ನಾನು ಸಿದ್ಧವಿಲ್ಲ. ಆದರೆ ಕೆಟ್ಟ ಬಣ್ಣದಿಂದ ಅವರಿಗೂ ಲಾಭವಿಲ್ಲ. ಒದ್ದೆ ಗೋಡೆಯ ಮೇಲೆ ಆರು ಸಲ ಅಗ್ಗದ ಡಿಸ್ಟೆಂಪರ್ ಹೊಡೆಸಿದ ಹಣದಲ್ಲಿ ಒಂದು ಸಲ ಪೈಪು ಸರಿಮಾಡಿಸಿ, ಪ್ರೈಮರ್ ಹಾಕಿಸಿ, ಎರಡು ಕೋಟು ಒಳ್ಳೆಯ ಎಮಲ್ಷನ್ ಬಳಿಸಬಹುದು. ಹಾಗೆ ಮಾಡಿದ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು, ಪ್ರತಿ ಸಲ ಮರುಬಣ್ಣ ಬೇಕಿಲ್ಲ. ಹಾಗಿದ್ದೂ ಮಾಡಿಸದಿರುವುದಕ್ಕೆ ಕಾರಣ ಒಂದೇ: ಅಗ್ಗದ ಬಣ್ಣದ ಖರ್ಚು ಬೇರೆಯವರ ಜೇಬಿನದು, ಪೈಪಿನ ಖರ್ಚು ತಮ್ಮ ಜೇಬಿನದು. ಖರ್ಚು ಯಾರ ಜೇಬಿನಿಂದ ಹೋಗುತ್ತದೆ ಎಂಬುದನ್ನು ಬದಲಿಸಿದರೆ ಆಯ್ಕೆ ತಾನಾಗಿ ಬದಲಾಗುತ್ತದೆ.

ಹಳೆಯದೆಲ್ಲ ಚೆನ್ನಾಗಿತ್ತು ಎಂಬ ಹಾಡನ್ನು ನಾನು ಹಾಡುವುದಿಲ್ಲ. ಯುಗಾದಿಗೆ ಮುಂಚೆ ಸುಣ್ಣದ ಹರಳು ನೀರಿಗೆ ಹಾಕಿ, ಚಿಟಿಕೆ ನೀಲಿ ಬೆರೆಸಿ, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದ ವಠಾರದ ಗೋಡೆಗಳಿಗೆ ಒರಗಿದರೆ ಅಂಗಿ ಬಿಳಿಯಾಗುತ್ತಿತ್ತು. ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ. ಆದರೆ ಸುಣ್ಣಕ್ಕೆ ಎರಡು ಗುಣವಿತ್ತು. ಅದರ ಕ್ಷಾರಕ್ಕೆ ಬೂಸ್ಟು ಸುಲಭವಾಗಿ ಬೆಳೆಯುತ್ತಿರಲಿಲ್ಲ. ಗೋಡೆಯ ತೇವವನ್ನು ಅದು ಒಳಗೇ ಹಿಡಿದಿಡದೆ ಹೊರಗೆ ಬಿಡುತ್ತಿತ್ತು. ಇಂದು ಒದ್ದೆ ಗೋಡೆಯ ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಎಳೆದು ತೇವವನ್ನು ಬಂಧಿಸಿ, ಗುಳ್ಳೆ ಬಂತೆಂದು ಬಣ್ಣವನ್ನು ಬೈಯುತ್ತೇವೆ. ಆಗ ಬಳಿಯುವವರೂ ವಾಸಿಸುವವರೂ ಬಹುಪಾಲು ಒಬ್ಬರೇ ಆಗಿದ್ದರು ಎಂಬುದನ್ನೂ ಮರೆಯಬಾರದು.

ಹಾಗಾದರೆ ಏನಾಗಬೇಕು? ಮಾದರಿ ಕಾಯ್ದೆಯ ಆ ಪಟ್ಟಿ ಕರ್ನಾಟಕದ ಕಾನೂನಾಗಬೇಕು; ಬಣ್ಣ ಮಾಲೀಕರ ಹೊಣೆ, ಬಾಡಿಗೆದಾರರು ಮಾಡಿದ ಹಾನಿಗೆ ಮಾತ್ರ ಬಿಲ್ಲು ತೋರಿಸಿ ಹಣ. ಬಣ್ಣದಂಗಡಿಗಳಲ್ಲಿ, ವಿಶೇಷವಾಗಿ ಎನಾಮಲ್ ಡಬ್ಬಗಳನ್ನು, ಸರ್ಕಾರ ಕೊಂಡು ಪರೀಕ್ಷಿಸಿ ಫಲಿತಾಂಶವನ್ನು ಕಂಪನಿಯ ಹೆಸರಿನೊಂದಿಗೆ ಕನ್ನಡದಲ್ಲಿ ಪ್ರಕಟಿಸಬೇಕು. ಬಣ್ಣದ ವಿಷಯ ಈ ಸರ್ಕಾರಕ್ಕೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ಇಂದಿಗೂ ರಾಜ್ಯ ಸರ್ಕಾರದ್ದು. 1962ರ ಚುನಾವಣೆಯಿಂದ ಇಡೀ ದೇಶದ ಮತದಾರರ ಬೆರಳಿಗೆ ಹಚ್ಚುತ್ತಿರುವ ಅಳಿಸಲಾಗದ ಶಾಯಿ ಅಲ್ಲಿಯದು. ಬೆರಳಿನ ಒಂದು ಗೆರೆ ಕಳ್ಳತನಕ್ಕೆ ಎಡೆಕೊಡದಂತೆ ಇಷ್ಟು ಜತನ ಮಾಡಬಲ್ಲ ಸರ್ಕಾರಕ್ಕೆ ಮಗು ಬಾಯಿ ಹಾಕುವ ಕಿಟಕಿಯ ಸರಳಿನ ಬಣ್ಣವನ್ನು ಪರೀಕ್ಷಿಸುವುದು ಅಸಾಧ್ಯವೇನಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಆ ಕೊನೆಯ ಹಾಳೆಯೇ. ಮುಂದಿನ ಸಲ ಮನೆ ನೋಡಲು ಹೋದಾಗ ಹೊಸ ಬಣ್ಣಕ್ಕೆ ಮರುಳಾಗಬೇಡಿ, ಬದಲಿಗೆ ಅನುಮಾನಪಡಿ. ಬಚ್ಚಲಿನ ಹಿಂದಿನ ಗೋಡೆಯನ್ನು ಅಂಗೈಯಿಂದ ಒತ್ತಿ ನೋಡಿ. ತಣ್ಣಗಿದೆಯೇ, ಕೈಗೆ ಬಿಳಿ ಹತ್ತಿತೇ, ಪಕ್ಕದ ಗೋಡೆಗಿಂತ ಬೇರೆ ವಾಸನೆಯಿದೆಯೇ ಗಮನಿಸಿ. ಒಳಗೆ ಬರುವ ದಿನ ಪ್ರತಿ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. ಯಾವ ಬಣ್ಣ, ಯಾವ ಕಂಪನಿ, ಯಾವಾಗ ಹೊಡೆಸಿದ್ದು ಎಂದು ಕೇಳಿ. ಸಹಿ ಹಾಕುವ ಮುನ್ನ ಆ ಷರತ್ತಿನ ಪಕ್ಕದಲ್ಲಿ ಪೆನ್ನಿನಿಂದ "ಬಿಲ್ಲಿನ ಪ್ರಕಾರ, ನಿಜವಾದ ಖರ್ಚು ಮಾತ್ರ" ಎಂದು ಸೇರಿಸಲು ಕೇಳಿ. ಹತ್ತು ಮಾಲೀಕರಲ್ಲಿ ಎಂಟು ಮಂದಿ ಒಪ್ಪಲಿಕ್ಕಿಲ್ಲ. ಒಪ್ಪುವ ಇಬ್ಬರ ಮನೆಯ ಗೋಡೆ ಖಂಡಿತ ಒಣಗಿರುತ್ತದೆ ಎಂದು ನಾನು ಹೇಳಲಾರೆ. ಆದರೆ ಅದು ಒದ್ದೆಯಾದಾಗ ಮೊದಲು ಪ್ಲಂಬರ್‌ಗೆ ಫೋನ್ ಹೋಗುತ್ತದೆ, ಪೇಂಟರ್‌ಗೆ ಆಮೇಲೆ.